ಸೊನ್ನೆ-ಸೊನ್ನೆ-ಎರಡು ಅಂದ್ರೇನು? ಪಿಕಲ್‌ಬಾಲ್, ಶಟಲ್, ಟೆನಿಸ್ ಸ್ಕೋರ್ ಇಡೋದು ಹೆಂಗೆ

ನಮ್ಮ ಅಪಾರ್ಟ್‌ಮೆಂಟಿನ ಶಟಲ್ ಕೋರ್ಟಲ್ಲಿ ಹೋದ ವರ್ಷ ಯಾರೋ ನೀಲಿ ಟೇಪ್ ತಂದು ಎರಡು ಗೆರೆ ಅಂಟಿಸಿದ್ರು, ನೆಟ್ ಕೆಳಗಿಳಿಸಿದ್ರು, ಪಿಕಲ್‌ಬಾಲ್ (ಗಟ್ಟಿ ಬ್ಯಾಟಲ್ಲಿ ತೂತಿರೋ ಪ್ಲಾಸ್ಟಿಕ್ ಬಾಲ್ ಹೊಡೆಯೋ ಆಟ) ಕೋರ್ಟ್ ರೆಡಿ. ಅದು ನಿಜಕ್ಕೂ ಅಷ್ಟೇ ಸುಲಭ, ಯಾಕಂದ್ರೆ ಎರಡೂ ಆಟದ ಕೋರ್ಟ್ ಅಳತೆ ಒಂದೇ, 44 ಅಡಿ ಉದ್ದ 20 ಅಡಿ ಅಗಲ. ಶಟಲ್‌ನ ಶಾರ್ಟ್ ಸರ್ವೀಸ್ ಲೈನ್ ನೆಟ್ಟಿಂದ ಆರೂವರೆ ಅಡಿ, ಇಲ್ಲಿ ಕಿಚನ್ ಲೈನ್ (ನೆಟ್ ಹತ್ರ, ನೆಲಕ್ಕೆ ಬೀಳದ ಬಾಲನ್ನ ಹೊಡೆಯೋ ಹಂಗಿಲ್ಲದ ಜಾಗದ ಗೆರೆ) 7 ಅಡಿ, ಆ ಅರ್ಧ ಅಡಿ ವ್ಯತ್ಯಾಸಕ್ಕೇ ಟೇಪ್ ಬೇಕಾಗಿದ್ದು.

ಕೋರ್ಟ್ ಸುಲಭವಾಗಿ ರೆಡಿಯಾಯ್ತು, ತಲೆ ಕೆಟ್ಟಿದ್ದು ಸ್ಕೋರ್ ವಿಷಯದಲ್ಲಿ. ಮೊದಲನೇ ಭಾನುವಾರ ನಾನು ಸರ್ವ್ ಮಾಡಕ್ಕೆ ನಿಂತೆ, ಎದುರುಗಡೆಯಿಂದ "ಸ್ಕೋರ್ ಹೇಳಿ ಸಾರ್" ಅಂದ್ರು, ನಾನು ಶಟಲ್ ಅಭ್ಯಾಸದಲ್ಲಿ "ಲವ್ ಆಲ್" ಅಂದೆ, ಅಂದ್ರೆ ಸೊನ್ನೆ-ಸೊನ್ನೆ. "ಅಲ್ಲಲ್ಲ, ಝೀರೋ ಝೀರೋ ಟೂ ಅನ್ಬೇಕು." ಅಲ್ಲಾ ಸ್ವಾಮಿ, ಇನ್ನೂ ಬಾಲೇ ಮುಟ್ಟಿಲ್ಲ, ಎರಡು ಎಲ್ಲಿಂದ ಬಂತು? ಅವರಿಗೂ ಗೊತ್ತಿಲ್ಲ, ಯೂಟ್ಯೂಬಲ್ಲಿ ಹಂಗೇ ಅಂತಾರೆ ಅಂದ್ರು. ಆಮೇಲೆ ಅರ್ಧ ಗಂಟೆ ಆಡಿದ್ದಕ್ಕಿಂತ ಜಗಳ ಆಡಿದ್ದೇ ಜಾಸ್ತಿ.

ಅದನ್ನ ಬಿಡಿಸಿ ಹೇಳಿದ್ದು ನಮ್ಮ ಮೂರನೇ ಫ್ಲೋರ್ ಮೂರ್ತಿ ಅಂಕಲ್. ಅರವತ್ತು ದಾಟಿದೆ, ಮೊಣಕಾಲಿಗೆ ಬೆಲ್ಟ್ ಹಾಕ್ಕೊಂಡು ಬರ್ತಾರೆ, ಕಾಲೇಜಲ್ಲಿ ಶಟಲ್ ಆಡ್ದೋರು. ಬೆಂಚ್ ಮೇಲೆ ಕೂತು ಒಂದ್ ಹತ್ತು ನಿಮಿಷ ನಮ್ಮ ಗಲಾಟೆ ನೋಡಿ "ಇದು ನಮ್ಮ ಹಳೇ ಹದಿನೈದು ಪಾಯಿಂಟ್ ಶಟಲ್ ಲೆಕ್ಕ ಕಣ್ರಪ್ಪಾ, ಸೆಕೆಂಡ್ ಸರ್ವ್ ಇರ್ತಿತ್ತಲ್ಲ ಅದೇ" ಅಂದ್ರು. ನನಗೆ ಅಲ್ಲಿಂದ ಎಲ್ಲ ಬಿಡಿಸ್ಕೊಂಡು ಹೋಯ್ತು, ಪಿಕಲ್‌ಬಾಲ್ ಒಂದೇ ಅಲ್ಲ, ಬ್ಯಾಟ್ ಹಿಡಿಯೋ ಎಲ್ಲ ಆಟದ್ದೂ. ಹೆಂಗೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗತ್ತೆ, ಕೂತ್ಕೊಂಡು ಓದಿ.

ಮೊದಲು ಈ ಮೂರು ಪ್ರಶ್ನೆ ಕೇಳ್ಕೊಳ್ಳಿ

ಯಾವ ಆಟ ಆಗ್ಲಿ, ಹೊಸದಾಗಿ ಆಡಕ್ಕೆ ಹೋದಾಗ ಮೂರೇ ಪ್ರಶ್ನೆ. ಪಾಯಿಂಟ್ ಯಾರಿಗೆ ಸಿಗತ್ತೆ, ಸರ್ವ್ ಮಾಡಿದೋರಿಗೆ ಮಾತ್ರಾನಾ ಇಲ್ಲಾ ಯಾರು ಗೆದ್ರೂ ಅವರಿಗಾ? ಸರ್ವ್ ಯಾವಾಗ ಕೈ ಬದಲಾಗತ್ತೆ? ಎಷ್ಟಕ್ಕೆ ಮುಗಿಯತ್ತೆ, ಕೊನೇಲಿ ಸಮ ಬಂದ್ರೆ ಏನು ಗತಿ? ಈ ಮೂರಕ್ಕೆ ಉತ್ತರ ಸಿಕ್ರೆ ಸ್ಕೋರ್ ಸಿಕ್ತು ಅಂತಾನೇ ಅರ್ಥ, ಮಿಕ್ಕಿದ್ದೆಲ್ಲ ಹೆಸರು ಅಷ್ಟೇ.

ಇದರಲ್ಲಿ ಮೊದಲನೇ ಪ್ರಶ್ನೇನೇ ದೊಡ್ಡದು. ಸರ್ವ್ ಮಾಡಿದ ಕಡೆಯೋರಿಗೆ ಮಾತ್ರ ಪಾಯಿಂಟ್ ಅಂದ್ರೆ ಅದು ಸೈಡ್ ಔಟ್ ಸ್ಕೋರಿಂಗ್, ಎದುರು ಕಡೆಯೋರು ರ್ಯಾಲಿ (ಒಂದು ಸರ್ವಿಂದ ಶುರುವಾಗಿ ಬಾಲ್ ನಿಲ್ಲೋ ತನಕದ ಹೊಡೆದಾಟ) ಗೆದ್ರೆ ಅವರಿಗೆ ಪಾಯಿಂಟ್ ಇಲ್ಲ, ಸರ್ವ್ ಕಿತ್ಕೊಳ್ಳೋ ಅವಕಾಶ ಅಷ್ಟೇ. ಯಾರು ಗೆದ್ರೂ ಪಾಯಿಂಟ್ ಅಂದ್ರೆ ರ್ಯಾಲಿ ಸ್ಕೋರಿಂಗ್, ಈಗಿನ ಶಟಲ್, ಟಿಟಿ, ಸ್ಕ್ವಾಷ್ ಎಲ್ಲ ಇದೇ.

ಪಿಕಲ್‌ಬಾಲ್: ಮೂರನೇ ನಂಬರ್ ರಹಸ್ಯ

ಈ ಆಟ ಹುಟ್ಟಿದ್ದು 1965ರಲ್ಲಿ ಅಮೆರಿಕದ ಸಿಯಾಟಲ್ ಹತ್ರ ಬೇನ್‌ಬ್ರಿಜ್ ಐಲೆಂಡಲ್ಲಿ, ಜೋಯಲ್ ಪ್ರಿಚರ್ಡ್ ಅವರ ಮನೆ ಹಿತ್ತಲಲ್ಲಿದ್ದ ಹಳೇ ಬ್ಯಾಡ್ಮಿಂಟನ್ ಕೋರ್ಟಲ್ಲಿ. ಅವರು, ಬಿಲ್ ಬೆಲ್, ಬಾರ್ನಿ ಮೆಕ್ಯಾಲಮ್ ಸೇರ್ಕೊಂಡು ಕೈಗೆ ಸಿಕ್ಕಿದ ಟಿಟಿ ಬ್ಯಾಟು, ತೂತು ತೂತಿನ ಪ್ಲಾಸ್ಟಿಕ್ ಬಾಲ್ ಇಟ್ಕೊಂಡು ಶುರು ಮಾಡಿದ್ದು. ಕೋರ್ಟು ಶಟಲ್‌ದು, ಸ್ಕೋರಿನ ಲೆಕ್ಕವೂ ಆ ಕಾಲದ ಶಟಲ್ ಥರಾನೇ ಇದೆ. ಮೂರ್ತಿ ಅಂಕಲ್‌ಗೆ ತಟ್ ಅಂತ ಹೊಳೆದಿದ್ದು ಅದಕ್ಕೇ.

ನಿಯಮ ನೋಡಿ. ಗೇಮ್ 11ಕ್ಕೆ, ಆದ್ರೆ ಎರಡು ಪಾಯಿಂಟ್ ಅಂತರ ಬೇಕು, 10-10 ಆದ್ರೆ 12-10, 13-11 ಹಿಂಗೆ ಹೋಗ್ತಾ ಇರತ್ತೆ. ಸರ್ವ್ ಮಾಡೋ ಕಡೆಗೆ ಮಾತ್ರ ಪಾಯಿಂಟ್. ಡಬಲ್ಸ್‌ನಲ್ಲಿ ಒಂದು ಟೀಮಿಗೆ ಸರ್ವ್ ಸಿಕ್ಕಿದ್ರೆ ಇಬ್ಬರೂ ಸರ್ವ್ ಮಾಡಬಹುದು, ಮೊದಲನೆಯೋರು ರ್ಯಾಲಿ ಸೋತ್ರೆ ಎರಡನೆಯೋರಿಗೆ, ಅವರೂ ಸೋತ್ರೆ ಸೈಡ್ ಔಟ್, ಸರ್ವ್ ಎದುರುಗಡೆಗೆ. ಸರ್ವ್ ಮಾಡೋ ಮುಂಚೆ ಜೋರಾಗಿ ಮೂರು ನಂಬರ್ ಹೇಳ್ಬೇಕು: ನಮ್ಮ ಸ್ಕೋರು, ಅವರ ಸ್ಕೋರು, ನಾನು ಒಂದನೇ ಸರ್ವರಾ ಎರಡನೇ ಸರ್ವರಾ. ಅಷ್ಟೇ ಕಣ್ರೀ ಮೂರನೇ ನಂಬರ್. "ನಾಕು-ಆರು-ಒಂದು" ಅಂದ್ರೆ ನಮ್ದು ನಾಕು, ನಿಮ್ದು ಆರು, ನಮಗಿನ್ನೂ ಒಂದು ಜೀವ ಬಾಕಿ ಇದೆ ಅಂತ. "ನಾಕು-ಆರು-ಎರಡು" ಅಂದ್ರೆ ಇದೇ ಕೊನೇದು, ಇದು ಹೋದ್ರೆ ಸರ್ವ್ ಹೋಯ್ತು.

ಹಂಗಾದ್ರೆ ಶುರೂಲೇ ಎರಡು ಯಾಕೆ? ಮೊದಲು ಸರ್ವ್ ಮಾಡೋ ಟೀಮಿಗೆ ಇಬ್ಬರೂ ಸರ್ವ್ ಮಾಡೋ ಅವಕಾಶ ಕೊಟ್ಬಿಟ್ರೆ ಎದುರಿನೋರಿಗೆ ಸರ್ವ್ ಸಿಗೋ ಮುಂಚೆ ನಾಕೈದು ಪಾಯಿಂಟ್ ಹೊಡ್ಕೊಂಡು ಹೋಗಿರ್ತಾರೆ, ಅದಕ್ಕೆ ಆಟದ ಮೊದಲನೇ ಸರದಿಗೆ ಮಾತ್ರ ಒಬ್ಬರಿಗೇ ಸರ್ವ್. ಒಂದನೇ ಸರ್ವರ್ ಆಗ್ಲೇ ಔಟಾದಂಗೆ ಲೆಕ್ಕ, ಎರಡನೇ ಸರ್ವರಿಂದ ಶುರು. ಅದಕ್ಕೇ ಸೊನ್ನೆ-ಸೊನ್ನೆ-ಎರಡು. ಹಳೇ ಶಟಲ್ ಡಬಲ್ಸಲ್ಲೂ ಇದೇ ಇತ್ತು, ಗೇಮ್ ಶುರು ಮಾಡೋ ಟೀಮಿಗೆ ಮೊದಲ ಸರದೀಲಿ ಒಂದೇ ಕೈ.

ಒಂದು ಗೇಮ್ ಬಾಲ್ ಬಾಲಿಗೂ ಆಡಿ ನೋಡೋಣ

ಬಾಯಲ್ಲಿ ಹೇಳಿದ್ರೆ ಇದು ತಲೆಗೆ ಹೋಗಲ್ಲ. ಒಂದು ಪೇಪರ್ ತಗೊಂಡು ನಾಕು ಡಬ್ಬ ಬರ್ಕೊಳ್ಳಿ, ಅಥವಾ ಊಟದ ಟೇಬಲ್ ಮೇಲೆ ನಾಕು ಲೋಟ ಇಟ್ಕೊಳ್ಳಿ, ನಾನು ಹಂಗೇ ಕಲ್ತಿದ್ದು.

ಈ ಕಡೆ ನಾನು ಬಲಗಡೆ, ಮೂರ್ತಿ ಅಂಕಲ್ ಎಡಗಡೆ. ಆ ಕಡೆ ಶ್ವೇತಾ ಅವರ ಬಲಕ್ಕೆ, ಕಾರ್ತಿಕ್ ಅವರ ಎಡಕ್ಕೆ. ಸರ್ವ್ ನಮ್ದು. ಸೊನ್ನೆ-ಸೊನ್ನೆ-ಎರಡು ಅಂತ ಕೂಗಿ ನಾನು ಮೂಲೆಯಿಂದ ಮೂಲೆಗೆ ಅಡ್ಡಲಾಗಿ ಶ್ವೇತಾಗೆ ಸರ್ವ್ ಹಾಕಿದೆ. ನಾವು ಗೆದ್ವಿ. ಈಗ ಒಂದು-ಸೊನ್ನೆ-ಎರಡು, ನಾನೂ ಅಂಕಲ್ಲೂ ಜಾಗ ಬದಲಾಯಿಸ್ಕೊಂಡ್ವಿ, ನಾನು ಎಡಕ್ಕೆ ಬಂದು ಕಾರ್ತಿಕ್‌ಗೆ ಸರ್ವ್ ಹಾಕಿದೆ. ಗಮನಿಸಿ, ಆ ಕಡೆಯೋರು ಜಾಗ ಬದಲಾಯಿಸಲ್ಲ. ಪಾಯಿಂಟ್ ಗೆದ್ದ ಟೀಮ್ ಮಾತ್ರ ಅದಲು ಬದಲು, ಪಾಯಿಂಟ್ ಗೆಲ್ಲೋದು ಸರ್ವ್ ಇರೋರು ಮಾತ್ರ, ಅಂದ್ಮೇಲೆ ರಿಸೀವ್ ಮಾಡೋರು ಯಾವತ್ತೂ ನಿಂತಲ್ಲೇ. ಹೊಸಬರು ಎಡವೋದು ಇಲ್ಲೇ, ಪಕ್ಕದೋರು ಓಡಾಡ್ತಿದಾರೆ ಅಂತ ತಾವೂ ಓಡ್ತಾರೆ.

ಈ ರ್ಯಾಲಿ ಸೋತ್ವಿ, ಅಂಕಲ್ ನೆಟ್ಟಿಗೆ ಹೊಡೆದ್ರು. ನಮ್ಮದು ಎರಡನೇ ಸರ್ವರ್ ಆಗಿದ್ರಿಂದ ಸೈಡ್ ಔಟ್. ಈಗ ಅವರ ಬಲಗಡೆ ಇರೋರು ಒಂದನೇ ಸರ್ವರ್, ಅಂದ್ರೆ ಶ್ವೇತಾ. ಅವಳು ಅವಳ ಕಡೆಯಿಂದ ಹೇಳ್ತಾಳೆ: ಸೊನ್ನೆ-ಒಂದು-ಒಂದು. ನಮ್ಮ ಬಲಗಡೆ ಈಗ ಯಾರಿದಾರೆ? ಜಾಗ ಬದಲಾಯ್ತಲ್ಲ, ಅಂಕಲ್. ಅವರೇ ರಿಸೀವ್ ಮಾಡ್ಬೇಕು. ಶ್ವೇತಾ ಗೆದ್ಲು, ಒಂದು-ಒಂದು-ಒಂದು, ಎಡಕ್ಕೆ ಹೋಗಿ ನನಗೆ ಸರ್ವ್ ಹಾಕಿದ್ಲು, ಮತ್ತೆ ಗೆದ್ಲು, ಎರಡು-ಒಂದು-ಒಂದು, ವಾಪಸ್ ಬಲಕ್ಕೆ ಬಂದು ಅಂಕಲ್‌ಗೆ. ಈ ಸಲ ಔಟ್ ಹೊಡೆದ್ಲು. ಸರ್ವ್ ಇನ್ನೂ ಅವರದ್ದೇ, ಈಗ ಕಾರ್ತಿಕ್ ಸರದಿ: ಎರಡು-ಒಂದು-ಎರಡು. ಪಾಯಿಂಟ್ ಏನೂ ಬಂದಿಲ್ಲವಲ್ಲ, ಅದಕ್ಕೆ ಯಾರೂ ಜಾಗ ಬಿಡೋ ಹಂಗಿಲ್ಲ, ಕಾರ್ತಿಕ್ ತಾನು ನಿಂತಿರೋ ಎಡಗಡೆಯಿಂದಾನೇ ಸರ್ವ್ ಹಾಕ್ತಾನೆ, ನನಗೆ. ಗೆದ್ದ, ಮೂರು-ಒಂದು-ಎರಡು. ಬಲಕ್ಕೆ ಬಂದ, ಮುಂದಿನದು ಸೋತ. ಸೈಡ್ ಔಟ್.

ಈಗ ಪರೀಕ್ಷೆ. ಸರ್ವ್ ನಮಗೆ ಬಂತು, ಒಂದು-ಮೂರು-ಒಂದು. ಯಾರು ಸರ್ವ್ ಮಾಡ್ಬೇಕು?

ಎಲ್ಲರೂ ನನ್ನ ಕಡೆ ಕೈ ತೋರಿಸ್ತಾರೆ, ಆಟ ಶುರು ಮಾಡಿದ್ದು ನಾನು ಅಂತ. ತಪ್ಪು. ಈಗ ಬಲಗಡೆ ನಿಂತಿರೋದು ಅಂಕಲ್, ಹಂಗಾಗಿ ಈ ಸರದಿಗೆ ಒಂದನೇ ಸರ್ವರ್ ಅವರೇ. ಒಂದು, ಎರಡು ಅನ್ನೋದು ಜನಕ್ಕೆ ಅಂಟಿಸಿರೋ ನಂಬರ್ ಅಲ್ಲ, ಪ್ರತಿ ಸರದೀಲೂ ಹೊಸದಾಗಿ ಬರತ್ತೆ, ಬಲಗಡೆ ಇರೋರು ಒಂದು, ಅಷ್ಟೇ. ಈ ಒಂದು ವಾಕ್ಯ ತಲೇಲಿ ಕೂತ್ರೆ ನಿಮ್ಮ ಅರ್ಧ ಜಗಳ ಅಲ್ಲೇ ಮುಗೀತು.

ಸಿಂಗಲ್ಸ್ ಆಡ್ತೀರಾ? ಮೂರನೇ ನಂಬರೇ ಇಲ್ಲ. ನಿಮ್ಮ ಸ್ಕೋರ್ ಸಮ ಸಂಖ್ಯೆ ಇದ್ರೆ ಬಲಗಡೆಯಿಂದ, ಬೆಸ ಇದ್ರೆ ಎಡಗಡೆಯಿಂದ ಸರ್ವ್.

ಇನ್ನೊಂದೆರಡು ಸಣ್ಣ ವಿಷಯ. ಸ್ಕೋರ್ ಪೂರ್ತಿ ಹೇಳಿ ಮುಗಿಸೋ ತನಕ ಸರ್ವ್ ಹೊಡೆಯೋ ಹಂಗಿಲ್ಲ, ಹೇಳಿದ ಮೇಲೆ 10 ಸೆಕೆಂಡ್ ಟೈಮ್ ಇದೆ. ಸರ್ವ್ ನೆಟ್ಟಿಗೆ ತಾಗಿ ಸರಿಯಾದ ಡಬ್ಬದಲ್ಲಿ ಬಿದ್ರೆ 2021ರಿಂದ ಅಮೆರಿಕದ ರೂಲ್ ಬುಕ್ಕಲ್ಲಿ ಲೆಟ್ (ಅಂದ್ರೆ ಮತ್ತೆ ಸರ್ವ್ ಮಾಡೋದು) ಇಲ್ಲ, ಆಟ ಮುಂದುವರಿಯತ್ತೆ. ಟೆನಿಸ್, ಟಿಟಿಯಿಂದ ಬಂದೋರು "ಲೆಟ್ ಲೆಟ್" ಅಂತ ನಿಂತ್ಬಿಡ್ತಾರೆ, ಪಾಯಿಂಟ್ ಕೈ ಬಿಟ್ಟು ಹೋಗಿರತ್ತೆ. ಸರ್ವ್ ಕಿಚನ್ ಲೈನ್ ಮೇಲೆ ಬಿದ್ರೆ ಫಾಲ್ಟ್, ಬೇರೆ ಗೆರೆಗಳ ಮೇಲೆ ಬಿದ್ರೆ ಇನ್.

ಸ್ಕೋರ್ ಯಾಕೆ ನಿಂತಲ್ಲೇ ನಿಲ್ಲತ್ತೆ

ನಾಕು-ನಾಕರಲ್ಲಿ ಹತ್ತು ನಿಮಿಷ ಆಡಿದ್ರೂ ನಾಕು-ನಾಕೇ. ಪಿಕಲ್‌ಬಾಲ್ ಆಡೋರಿಗೆಲ್ಲ ಗೊತ್ತಿರೋ ಹಿಂಸೆ ಇದು. ಕಾರಣ ಏನಂದ್ರೆ, ಟೆನಿಸಲ್ಲಿ ಸರ್ವ್ ಅಂದ್ರೆ ಆಯುಧ, ಇಲ್ಲಿ ಉಲ್ಟಾ. ಸರ್ವ್ ಕೆಳಗಿಂದ ಹೊಡೀಬೇಕು, ಅದು ಒಂದು ಸಲ ನೆಲಕ್ಕೆ ಬೀಳ್ಬೇಕು, ರಿಟರ್ನ್ ಕೂಡ ಒಂದು ಸಲ ನೆಲಕ್ಕೆ ಬೀಳೋವರೆಗೂ ಸರ್ವ್ ಮಾಡಿದ ಟೀಮ್ ಹಿಂದೇನೇ ಕಾಯ್ಬೇಕು. ಅಷ್ಟರಲ್ಲಿ ರಿಸೀವ್ ಮಾಡಿದೋರು ಆರಾಮಾಗಿ ಮುಂದೆ ಬಂದು ಕಿಚನ್ ಲೈನಲ್ಲಿ ಗೋಡೆ ಥರ ನಿಂತಿರ್ತಾರೆ. ಅನುಕೂಲ ಎಲ್ಲ ರಿಸೀವ್ ಮಾಡೋರಿಗೆ, ಪಾಯಿಂಟ್ ಮಾತ್ರ ಸರ್ವ್ ಮಾಡೋರಿಗೆ. ಕಷ್ಟಪಟ್ಟು ಗೆದ್ರೇನೇ ಪಾಯಿಂಟ್.

ನನಗೆ ಇದು ಇಷ್ಟ, ಸುಳ್ಳು ಯಾಕೆ ಹೇಳ್ಲಿ. 2-9ರಲ್ಲಿ ಹಿಂದೆ ಇದ್ರೂ ಎದೆ ಗಟ್ಟಿ ಇರತ್ತೆ, ಯಾಕಂದ್ರೆ ನಾವು ಸರ್ವ್ ಹಿಡ್ಕೊಂಡಿರೋ ತನಕ ಅವರು ಒಂದು ಪಾಯಿಂಟೂ ಮುಂದೆ ಹೋಗೋ ಹಂಗಿಲ್ಲ. ಆದ್ರೆ ಬೆಳಗ್ಗೆ ಏಳರಿಂದ ಎಂಟರ ಸ್ಲಾಟು, ಹನ್ನೆರಡು ಜನ ಬೆಂಚ್ ಮೇಲೆ ಕಾಯ್ತಾ ಇದಾರೆ ಅಂದಾಗ ಇದನ್ನ ಆಡ್ಸಿದ್ರೆ ಬೈಸ್ಕೊಳ್ಳೋದು ಗ್ಯಾರಂಟಿ. ಅದಕ್ಕೇ ರ್ಯಾಲಿ ಸ್ಕೋರಿಂಗ್. ಅಮೆರಿಕದ ಮೇಜರ್ ಲೀಗ್ ಪಿಕಲ್‌ಬಾಲ್ ಕೂಡ 21 ಪಾಯಿಂಟಿನ ರ್ಯಾಲಿ ಸ್ಕೋರಿಂಗ್ ಹಿಡೀತು, ಟಿವಿಗೆ, ಟೈಮಿಗೆ ಹೊಂದ್ಬೇಕಲ್ಲ. ರ್ಯಾಲಿ ಆಡೋದಾದ್ರೆ ಟೀಮಿಗೆ ಒಂದೇ ಸರ್ವ್, ಮೂರನೇ ನಂಬರ್ ಬೇಡ. ಜಾಗ ಬದಲಾಯಿಸೋ ನಿಯಮ ಒಬ್ಬೊಬ್ಬರು ಒಂದೊಂದು ಥರ ಇಟ್ಕೊಂಡಿರ್ತಾರೆ, ಮೊದಲೇ ಮಾತಾಡ್ಕೊಂಡು ಶುರು ಮಾಡಿ.

ಶಟಲ್: 15ರಿಂದ 21ಕ್ಕೆ

ಇಲ್ಲಿ ಹಳೇದು ಗೊತ್ತಿದ್ರೆ ಹೊಸದು ಚೆನ್ನಾಗಿ ಅರ್ಥ ಆಗತ್ತೆ. ನಮ್ಮ ಬೆಂಗಳೂರಿನ ಪ್ರಕಾಶ್ ಪಡುಕೋಣೆ 1980ರಲ್ಲಿ ಆಲ್ ಇಂಗ್ಲೆಂಡ್ ಫೈನಲಲ್ಲಿ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನ ಸೋಲಿಸಿದ ಸ್ಕೋರು 15-3, 15-10. ಈಗಿನ ಹುಡುಗರು 15-3 ನೋಡಿ "ಕಿಂಗ್ ಮೂರೇ ರ್ಯಾಲಿ ಗೆದ್ರಾ?" ಅಂತಾರೆ. ಹಂಗಲ್ಲ. ಪ್ರಕಾಶ್ ಸರ್ವ್ ಮಾಡ್ದಾಗ ಕಿಂಗ್ ಗೆದ್ದ ರ್ಯಾಲಿ ಎಷ್ಟೋ, ಅದ್ಯಾವುದೂ ಸ್ಕೋರಲ್ಲಿ ಕಾಣಲ್ಲ, ಅವೆಲ್ಲ ಸರ್ವ್ ಕಿತ್ಕೊಳ್ಳೋಕೆ ಖರ್ಚಾಗಿರತ್ತೆ. ಸೈಡ್ ಔಟ್ ಸ್ಕೋರಲ್ಲಿ ಸಣ್ಣ ನಂಬರ್ ಅಂದ್ರೆ ಎದುರಾಳಿ ತನ್ನ ಸರ್ವ್ ಉಳಿಸ್ಕೊಳ್ಳಕ್ಕೆ ಆಗ್ಲಿಲ್ಲ ಅಂತ ಅರ್ಥ, ರ್ಯಾಲೀನೇ ಗೆಲ್ಲಲಿಲ್ಲ ಅಂತಲ್ಲ. 2001ರ ಆಲ್ ಇಂಗ್ಲೆಂಡ್ ಫೈನಲಲ್ಲಿ ಗೋಪಿಚಂದ್ ಚೀನಾದ ಚೆನ್ ಹಾಂಗ್ ಮೇಲೆ ಗೆದ್ದ 15-12, 15-6 ಕೂಡ ಇದೇ ಲೆಕ್ಕ.

2006ರಲ್ಲಿ ಎಲ್ಲ ಬದಲಾಯ್ತು. ಈಗ ಯಾರು ರ್ಯಾಲಿ ಗೆದ್ರೂ ಪಾಯಿಂಟ್, ಗೆದ್ದೋರದ್ದೇ ಮುಂದಿನ ಸರ್ವ್, ಗೇಮ್ 21ಕ್ಕೆ, ಮೂರರಲ್ಲಿ ಎರಡು ಗೇಮ್. 20-20 ಆದ್ರೆ ಎರಡರ ಅಂತರ ಬೇಕು, ಆದ್ರೆ ಅದಕ್ಕೂ ಒಂದು ಕೊನೆ ಇದೆ, 29-29 ಆದ್ರೆ ಮುಂದಿನ ಪಾಯಿಂಟ್ ಯಾರದ್ದೋ ಅವರು ಗೆದ್ದಂಗೆ, 30-29. 11ಕ್ಕೆ 60 ಸೆಕೆಂಡ್ ಬ್ರೇಕ್, ಗೇಮ್ ಮಧ್ಯೆ 2 ನಿಮಿಷ, ಮೂರನೇ ಗೇಮಲ್ಲಿ 11 ಆದಾಗ ಕೋರ್ಟ್ ಬದಲಾವಣೆ. 2017ರ ವರ್ಲ್ಡ್ ಚಾಂಪಿಯನ್‌ಶಿಪ್ ಫೈನಲಲ್ಲಿ ಸಿಂಧು ಜಪಾನಿನ ಒಕುಹಾರಾಗೆ ಸೋತಿದ್ದು 19-21, 22-20, 20-22. ಮೂರು ಗೇಮು, ಮೂರರಲ್ಲೂ ಎರಡೇ ಪಾಯಿಂಟ್ ವ್ಯತ್ಯಾಸ, 110 ನಿಮಿಷ. ಆ ಮ್ಯಾಚ್ ನೋಡಿದ ರಾತ್ರಿ ನಮ್ಮ ಮನೇಲಿ ಯಾರೂ ಸರಿಯಾಗಿ ಊಟ ಮಾಡ್ಲಿಲ್ಲ.

21 ಬೇಡ, 11ರ ಐದು ಗೇಮ್ ಮಾಡೋಣ ಅಂತ 2018ರಲ್ಲಿ, 2021ರಲ್ಲಿ ವಿಶ್ವ ಬ್ಯಾಡ್ಮಿಂಟನ್ ಸಂಸ್ಥೇಲಿ ವೋಟಿಗೆ ಹಾಕಿದ್ರು, ಎರಡು ಸಲಾನೂ ಬಿದ್ದೋಯ್ತು.

ಡಬಲ್ಸ್ ಲೆಕ್ಕಕ್ಕೆ ಒಂದೇ ಸೂತ್ರ: ಸರ್ವ್ ನಿಮ್ಮ ಟೀಮಿಗೆ ಬಂದಾಗ ನಿಮ್ಮ ಸ್ಕೋರ್ ನೋಡಿ, ಸಮ ಇದ್ರೆ ಬಲಗಡೆ ಇರೋರು ಸರ್ವ್, ಬೆಸ ಇದ್ರೆ ಎಡಗಡೆ ಇರೋರು. ಸರ್ವ್ ಮಾಡ್ತಾ ಪಾಯಿಂಟ್ ಗೆದ್ರೆ ಮಾತ್ರ ಜಾಗ ಬದಲು. ಎದುರಾಳಿ ಸರ್ವಲ್ಲಿ ಪಾಯಿಂಟ್ ಗೆದ್ರೆ ಸ್ಕೋರ್ ಏರತ್ತೆ, ಸರ್ವ್ ಬರತ್ತೆ, ಆದ್ರೆ ನಿಂತಲ್ಲೇ ನಿಲ್ಬೇಕು. ಪಿಕಲ್‌ಬಾಲಿಂದ ವಾಪಸ್ ಶಟಲ್‌ಗೆ ಬಂದೋರು ಇಲ್ಲಿ ಎರಡನೇ ಸರ್ವ್‌ಗೆ ಕಾಯ್ತಾ ಕೂತಿರ್ತಾರೆ, ಇಲ್ಲ ಅಪ್ಪಾ, ಅದು 2006ಕ್ಕೇ ಮುಗೀತು.

ಟೆನಿಸ್: ಆಣೆ ರೂಪಾಯಿ ಲೆಕ್ಕ

15, 30, 40 ಅನ್ನೋದನ್ನ ನೋಡಿ ಹೆದರ್ಬೇಡಿ. ಅದು ಒಂದು, ಎರಡು, ಮೂರಕ್ಕೆ ಇಟ್ಟಿರೋ ಅಡ್ಡಹೆಸರು. ಯಾಕೆ ಹಂಗೆ ಅಂತ ಗಡಿಯಾರದ ಕಥೆ, ಫ್ರಾನ್ಸಿನ ಕಥೆ ಎಲ್ಲ ಹೇಳ್ತಾರೆ, ಆಡಕ್ಕೆ ಅದು ಬೇಕಾಗಿಲ್ಲ. ನಾಕು ಪಾಯಿಂಟ್ ಗೆದ್ರೆ ಒಂದು ಗೇಮ್, ಎರಡರ ಅಂತರ ಇರ್ಬೇಕು. 40-40 ಆದ್ರೆ ಡ್ಯೂಸ್, ಅಲ್ಲಿಂದ ಒಂದು ಗೆದ್ರೆ ಅಡ್ವಾಂಟೇಜ್, ಇನ್ನೊಂದು ಗೆದ್ರೆ ಗೇಮ್, ಸೋತ್ರೆ ವಾಪಸ್ ಡ್ಯೂಸ್. ಒಂದು ಗೇಮ್ ಪೂರ್ತಿ ಒಬ್ಬರೇ ಸರ್ವ್, ಯಾವಾಗ್ಲೂ ಸರ್ವ್ ಮಾಡೋರ ಸ್ಕೋರ್ ಮೊದಲು ಹೇಳೋದು. ಆರು ಗೇಮ್ ಎರಡರ ಅಂತರದಲ್ಲಿ ಗೆದ್ರೆ ಒಂದು ಸೆಟ್, 6-5 ಆದ್ರೆ 7-5ಕ್ಕೆ ಹೋಗ್ಬೇಕು, 6-6 ಆದ್ರೆ ಟೈಬ್ರೇಕ್.

ಟೈಬ್ರೇಕಲ್ಲಿ ಮಾತ್ರ ಮಾಮೂಲಿ ಎಣಿಕೆ, ಒಂದು ಎರಡು ಮೂರು, 7 ಯಾರಿಗೆ ಮೊದಲು ಬರತ್ತೋ, ಎರಡರ ಅಂತರ ಇಟ್ಕೊಂಡು. ಸರ್ವ್ ಮೊದಲನೆಯೋರು ಒಂದೇ, ಆಮೇಲೆ ಇಬ್ಬರೂ ಎರಡೆರಡು, ಪ್ರತಿ 6 ಪಾಯಿಂಟಿಗೆ ಕೋರ್ಟ್ ಬದಲು. ಟೈಬ್ರೇಕ್ ಅನ್ನೋದು ಗ್ರ್ಯಾಂಡ್ ಸ್ಲಾಮಿಗೆ ಮೊದಲು ಬಂದಿದ್ದೇ 1970ರಲ್ಲಿ, ಯುಎಸ್ ಓಪನಲ್ಲಿ. ಕೊನೇ ಸೆಟ್ಟಿಗೆ ಟೈಬ್ರೇಕ್ ಇಲ್ದಿದ್ರೆ ಏನಾಗತ್ತೆ ಅಂತ 2010ರ ವಿಂಬಲ್ಡನ್ ತೋರಿಸ್ತು, ಇಸ್ನರ್ ಮತ್ತು ಮಹು ಆಡಿದ ಐದನೇ ಸೆಟ್ 70-68, ಮ್ಯಾಚ್ ಮೂರು ದಿನದಲ್ಲಿ 11 ಗಂಟೆ 5 ನಿಮಿಷ. 2022ರಿಂದ ನಾಕೂ ಗ್ರ್ಯಾಂಡ್ ಸ್ಲಾಮಲ್ಲಿ ಕೊನೇ ಸೆಟ್ 6-6 ಆದ್ರೆ 10 ಪಾಯಿಂಟಿನ ಟೈಬ್ರೇಕ್.

ಪೇಪರಲ್ಲಿ ಬರೋ ಸ್ಕೋರ್ ಓದೋದು ಹೆಂಗೆ? ನಮ್ಮ ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಲ್ಲಿ ಮ್ಯಾಥ್ಯೂ ಎಬ್ಡನ್ ಜೊತೆ 2024ರ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದ ಫೈನಲ್ 7-6 (0), 7-5. ಬ್ರಾಕೆಟ್ಟಲ್ಲಿ ಇರೋದು ಟೈಬ್ರೇಕಲ್ಲಿ ಸೋತೋರಿಗೆ ಬಂದ ಪಾಯಿಂಟ್. ಸೊನ್ನೆ ಅಂದ್ರೆ ಟೈಬ್ರೇಕ್ 7-0, ಎದುರಾಳಿಗೆ ಒಂದೂ ಕೊಟ್ಟಿಲ್ಲ. ಆರು ಆರು ಗೇಮ್ ಸಮ ಆಡಿ ಆಮೇಲೆ ಏಳು-ಸೊನ್ನೆ!

ಟೆನಿಸ್ ಸ್ಕೋರನ್ನ ನಾನು ಹಳೇ ಕಾಲದ ಪೈಸೆ ಆಣೆ ರೂಪಾಯಿ ಲೆಕ್ಕ ಅಂತ ನೆನಪಿಟ್ಕೊಂಡಿದೀನಿ. ಪಾಯಿಂಟ್ ಪೈಸೆ, ಗೇಮ್ ಆಣೆ, ಸೆಟ್ ರೂಪಾಯಿ. ಆದ್ರೆ ಒಂದು ಅನ್ಯಾಯ ಇದೆ, ರೂಪಾಯಿ ಆಗ್ದೇ ಉಳಿದ ಚಿಲ್ಲರೆ ಎಲ್ಲ ಕಸಕ್ಕೆ. 40ರ ತನಕ ಬಂದು ಗೇಮ್ ಸೋತ್ರೆ ಆ ಮೂರು ಪಾಯಿಂಟ್ ಎಲ್ಲೂ ಲೆಕ್ಕಕ್ಕಿಲ್ಲ. 2019ರ ವಿಂಬಲ್ಡನ್ ಫೈನಲಲ್ಲಿ ಫೆಡರರ್ ಗೆದ್ದ ಪಾಯಿಂಟ್ 218, ಜೊಕೊವಿಚ್ 204. ಕಪ್ ಎತ್ತಿದ್ದು ಜೊಕೊವಿಚ್, ಯಾಕಂದ್ರೆ ಮೂರು ಟೈಬ್ರೇಕೂ ಅವರೇ ಗೆದ್ರು. 7-6, 1-6, 7-6, 4-6, 13-12 (ಆಗ ವಿಂಬಲ್ಡನಲ್ಲಿ ಕೊನೇ ಸೆಟ್ಟಿನ ಟೈಬ್ರೇಕ್ 12-12ಕ್ಕೆ ಇತ್ತು). ಎರಡನೇ ಸೆಟ್ ನೋಡಿ, ಫೆಡರರ್ 6-1ರಲ್ಲಿ ಗುಡ್ಡೆ ಹಾಕಿದ ಪಾಯಿಂಟಿಗೂ ಒಂದೇ ರೂಪಾಯಿ, ಜೊಕೊವಿಚ್ ಕೂದಲೆಳೆಯಲ್ಲಿ ಗೆದ್ದ 7-6ಗೂ ಒಂದೇ ರೂಪಾಯಿ. 21ರ ಶಟಲ್ ಥರ ಪಾಯಿಂಟ್ ಕೂಡಿಟ್ಟು ಗೆಲ್ಲೋ ಆಟ ಅಲ್ಲ ಇದು, ಯಾವ ಪಾಯಿಂಟ್ ಗೆಲ್ತೀರಿ ಅನ್ನೋದೇ ಮುಖ್ಯ.

ಈಗ ಬೆಂಗಳೂರಲ್ಲಿ ಗಾಜಿನ ಗೋಡೆ ಹಾಕಿ ಆಡಿಸ್ತಾರಲ್ಲ ಪ್ಯಾಡೆಲ್, ಅದೂ ಟೆನಿಸ್ ಸ್ಕೋರೇ, ತುಂಬಾ ಕಡೆ 40-40 ಆದ್ರೆ ಒಂದೇ ಪಾಯಿಂಟಲ್ಲಿ ಗೇಮ್ ಮುಗಿಸ್ತಾರೆ, ಗೋಲ್ಡನ್ ಪಾಯಿಂಟ್ ಅಂತ.

ಟಿಟಿ, ಸ್ಕ್ವಾಷ್, ಬಾಲ್ ಬ್ಯಾಡ್ಮಿಂಟನ್

ಟಿಟಿ ಎಲ್ಲಕ್ಕಿಂತ ಸುಲಭ. 11ಕ್ಕೆ ಗೇಮ್, ಎರಡೆರಡು ಸರ್ವ್, ಯಾರು ಗೆದ್ರೂ ಪಾಯಿಂಟ್. 10-10 ಆದ್ರೆ ಒಂದೊಂದು ಸರ್ವ್, ಎರಡರ ಅಂತರ. 2001ರ ತನಕ 21ಕ್ಕೆ, ಐದೈದು ಸರ್ವ್ ಇತ್ತು, ಈಗ್ಲೂ ಎಷ್ಟೋ ಆಫೀಸ್ ಕ್ಯಾಂಟೀನಲ್ಲಿ ಹಳಬರು 21ಕ್ಕೇ ಆಡ್ತಾರೆ, ಏನೂ ತಪ್ಪಿಲ್ಲ. ಒಂದು ಮಜಾ ನಿಯಮ ಇದೆ: 10 ನಿಮಿಷ ಆದ್ರೂ ಗೇಮ್ ಮುಗೀದೆ ಇಬ್ಬರದ್ದೂ ಸೇರಿ 18 ಪಾಯಿಂಟೂ ಆಗಿಲ್ಲ ಅಂದ್ರೆ ಎಕ್ಸ್‌ಪಿಡೈಟ್ ಅಂತ ಶುರುವಾಗತ್ತೆ, ಆಗ ರಿಸೀವ್ ಮಾಡೋರು 13 ಸಲ ಸರಿಯಾಗಿ ವಾಪಸ್ ಹೊಡೆದ್ರೆ ಪಾಯಿಂಟ್ ಅವರದ್ದೇ. ಸುಮ್ನೆ ಕುಟ್ಕೊಂಡು ಕೂರೋರನ್ನ ಓಡ್ಸಕ್ಕೆ.

ಸ್ಕ್ವಾಷಲ್ಲೂ ಮೊದಲು ಸರ್ವ್ ಇರೋರಿಗೆ ಮಾತ್ರ ಪಾಯಿಂಟ್, 9ಕ್ಕೆ ಗೇಮ್, 8-8 ಆದ್ರೆ 9ಕ್ಕೆ ಮುಗಿಸೋದಾ 10ರ ತನಕ ಹೋಗೋದಾ ಅಂತ ರಿಸೀವ್ ಮಾಡೋರು ಆರಿಸ್ಕೊಳ್ತಿದ್ರು. ಈಗ 11ಕ್ಕೆ, ರ್ಯಾಲಿ, ಐದರಲ್ಲಿ ಮೂರು.

ಬಾಲ್ ಬ್ಯಾಡ್ಮಿಂಟನ್ ಬಿಟ್ರೆ ನಮ್ಮ ಕಡೆಯೋರು ಕೋಪ ಮಾಡ್ಕೊಳ್ತಾರೆ. ಹಳದಿ ಉಲ್ಲನ್ ಬಾಲು, ಟೀಮಿಗೆ ಐದು ಜನ, ಹೈಸ್ಕೂಲ್ ಮೈದಾನದಲ್ಲಿ ಸುಣ್ಣದ ಗೆರೆ. ನಾನು ಆಡೋವಾಗ 29 ಪಾಯಿಂಟಿಗೆ ಒಂದು ಗೇಮ್, ಪಿಟಿ ಮೇಷ್ಟ್ರು ಸೀಟಿ ಊದ್ತಾ ಸ್ಕೋರ್ ಕೂಗ್ತಿದ್ರು, ನಮಗೆ ಎಣಿಸೋ ಕೆಲಸಾನೇ ಇರ್ಲಿಲ್ಲ.

ನಿಮ್ಮ ಕೋರ್ಟಲ್ಲಿ ಶುರು ಮಾಡೋದಾದ್ರೆ

ಜನ ಕಮ್ಮಿ, ಟೈಮ್ ಇದೆ ಅಂದ್ರೆ ಪಿಕಲ್‌ಬಾಲ್ 11ಕ್ಕೆ ಸೈಡ್ ಔಟ್ ಆಡಿ, ಆಟದ ರುಚಿ ಅದರಲ್ಲೇ ಇರೋದು. ಭಾನುವಾರದ ಟೂರ್ನಮೆಂಟು, ಹದಿನಾರು ಟೀಮು, ಎರಡೇ ಕೋರ್ಟು ಅಂದ್ರೆ ಕಣ್ಮುಚ್ಕೊಂಡು ರ್ಯಾಲಿ 15ಕ್ಕೆ ಇಡಿ, ಸೆಮಿಫೈನಲಿಂದ ಬೇಕಾದ್ರೆ ಸೈಡ್ ಔಟ್. ಕೊನೇಲಿ ಸಮ ಆದ್ರೆ ಏನು ಅನ್ನೋದನ್ನ ಟಾಸ್ ಹಾಕೋ ಮುಂಚೇನೇ ಹೇಳ್ಬಿಡಿ, 14-14 ಆದ್ಮೇಲೆ ರೂಲ್ ಹೇಳಕ್ಕೆ ಹೋದ್ರೆ ಯಾರೂ ಒಪ್ಪಲ್ಲ. ಗೆರೆ ವಿಷಯಕ್ಕೆ, ಅವರವರ ಕಡೆ ಗೆರೆ ಅವರವರೇ ಹೇಳ್ಬೇಕು, ಅನುಮಾನ ಇದ್ರೆ ಎದುರಾಳಿ ಪರವಾಗಿ ಬಾಲ್ ಇನ್ ಅಂತಲೇ ಲೆಕ್ಕ.

ಸ್ಕೋರ್ ಮರೆತ್ರೆ? ಮರೀತೀರಿ, ದೀರ್ಘವಾದ ರ್ಯಾಲಿ ಆದ್ಮೇಲೆ ನಾಕೂ ಜನ ಒಬ್ಬರ ಮುಖ ಒಬ್ಬರು ನೋಡ್ತಾ ನಿಲ್ಲೋದು ನಮ್ಮಲ್ಲಿ ದಿನಾ ನಡೆಯೋದೇ. ಪಿಕಲ್‌ಬಾಲಲ್ಲಿ ಇದಕ್ಕೊಂದು ಉಪಾಯ ಇದೆ. ಗೇಮ್ ಶುರುವಾದಾಗ ನಿಮ್ಮ ಟೀಮಲ್ಲಿ ಬಲಗಡೆ ಯಾರಿದ್ರು ನೆನಪಿಟ್ಕೊಳ್ಳಿ. ಅವರು ಈಗ ಬಲಗಡೆ ಇದ್ರೆ ನಿಮ್ಮ ಸ್ಕೋರ್ ಸಮ, ಎಡಗಡೆ ಇದ್ರೆ ಬೆಸ. ಟೂರ್ನಮೆಂಟಲ್ಲಿ ಆ ಆಟಗಾರರಿಗೆ ಕೈಗೆ ಬ್ಯಾಂಡ್ ಕಟ್ಟೋದು ಇದಕ್ಕೇ. ಮೇಲೆ ಆಡಿಸಿದ ಗೇಮಲ್ಲೇ ನೋಡಿ, ಅವರ ಸ್ಕೋರ್ 3, ಬಲಗಡೆ ಶುರು ಮಾಡಿದ ಶ್ವೇತಾ ಈಗ ಎಡಗಡೆ, ಸರಿ ಬಂತಲ್ಲ. ಐದಾ ಆರಾ ಅನ್ನೋ ಜಗಳಕ್ಕೆ ಕಾಲ ಕೆಳಗೇ ಸಾಕ್ಷಿ ಇರತ್ತೆ, ಯಾರೂ ತಪ್ಪಾಗಿ ನಿಂತಿಲ್ಲ ಅಂದ್ರೆ ಮಾತ್ರ.

ಮೂರ್ತಿ ಅಂಕಲ್ ಇದನ್ನೂ ನಂಬಲ್ಲ. ಮನೆಯಿಂದ ಬಟ್ಟೆ ಒಣಗಿಸೋ ಕ್ಲಿಪ್ ಒಂದು ಡಬ್ಬ ತರ್ತಾರೆ, ಕೆಂಪು ನಮ್ದು, ನೀಲಿ ಅವರದ್ದು, ಪಾಯಿಂಟಿಗೊಂದು ನೆಟ್ ಕಂಬದ ಪಕ್ಕದ ಹಗ್ಗಕ್ಕೆ ಸಿಗಿಸ್ತಾರೆ. ಹೋದ ವಾರ ಯಾರೋ ಮಗು ಆಟಕ್ಕೆ ಅಂತ ಮೂರು ನೀಲಿ ಕ್ಲಿಪ್ ಕಿತ್ಕೊಂಡು ಹೋಗಿತ್ತು. 9-4 ಇದ್ದ ಕಾರ್ತಿಕ್‌ಗೆ ಕಂಬ ನೋಡಿದ್ರೆ 6-4, ಅಂಕಲ್ ಮಾತ್ರ ಕಂಬ ಹೇಳಿದ್ದೇ ಫೈನಲ್ ಅಂತ ಸರ್ವ್ ಹಾಕಕ್ಕೆ ಹೋಗ್ಬಿಟ್ಟಿದ್ರು.